ಕಾಗದದ ತುಂಬೆ ಮಾಡ್ಸೋಕೆ ಮುಂಚೆ ಬದುವಿನ ತುಂಬೆ ತೋರಿಸಿ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ ಟೀಚರ್. 4 ಮತ್ತು 5ನೇ ಕ್ಲಾಸ್ ಮಕ್ಕಳಿಗೆ ಪೇಪರ್ ಕ್ರಾಫ್ಟ್ ಮಾಡಿಸ್ತಾ ನಮ್ಮ ಕಡೆ ಕಾಡುಹೂಗಳ ಬಗ್ಗೆ, ಅವುಗಳನ್ನ ಉಳಿಸೋದರ ಬಗ್ಗೆ ಹೇಳಿಕೊಡಬೇಕು ಅಂತ ಆಸೆ. ಯೂಟ್ಯೂಬ್ ನೋಡಿದ್ರೆ ಬರೀ ಗುಲಾಬಿ, ಟ್ಯುಲಿಪ್, ಸೂರ್ಯಕಾಂತಿ. ಯಾವ ಹೂ ಮಾಡಿಸ್ಲಿ, ಹೇಗೆ ಶುರು ಮಾಡ್ಲಿ? ಸೀಡ್ ಪೇಪರ್ (ಬೀಜ ಸೇರಿಸಿ ಮಾಡೋ ಕಾಗದ) ಮಾಡಿಸಿ ಕುಂತಿಬೆಟ್ಟದ ಹತ್ರ ಮಣ್ಣಿಗೆ ಹಾಕಿಸಿದ್ರೆ ಒಳ್ಳೇದಾ? ಖರ್ಚು ಜಾಸ್ತಿ ಆಗಬಾರದು.

ಉತ್ತರ: ಮೇಡಂ, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಸೀಡ್ ಪೇಪರ್ ಮಾಡಿಸಿದ್ರೂ ದಯವಿಟ್ಟು ಕುಂತಿಬೆಟ್ಟದ ಹತ್ರ ಹಾಕಿಸ್ಬೇಡಿ. ಯಾಕೆ ಅಂತ ಮುಂದೆ ವಿವರವಾಗಿ ಬರೀತೀನಿ. ಉಳಿದಂತೆ ನೀವು ಹಿಡಿದಿರೋ ದಾರಿ ತುಂಬಾ ಒಳ್ಳೇದು, ನಾನು ಮೈಸೂರು ಮಂಡ್ಯ ಕಡೆ ಮಕ್ಕಳ ಜೊತೆ ಗಿಡ ನೋಡೋ ಶಿಬಿರಗಳಲ್ಲಿ ಇದನ್ನೇ ಮಾಡಿಸ್ಕೊಂಡು ಬಂದಿದೀನಿ, ಹಾಗಾಗಿ ಯಾವುದು ಮಕ್ಕಳ ತಲೇಲಿ ಉಳಿಯುತ್ತೆ, ಯಾವುದು ಕ್ಲಾಸ್ ಮುಗಿದ ತಕ್ಷಣ ಕಸದ ಬುಟ್ಟಿ ಸೇರುತ್ತೆ ಅಂತ ಕಣ್ಣಾರೆ ನೋಡಿದೀನಿ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಪ್ರಿಂಟ್ ತೆಗೆದ ಹೂವಿನ ಚಿತ್ರ ಕೊಡ್ತಾರೆ, ಮಕ್ಕಳು ಗೆರೆ ಮೇಲೆ ಕತ್ತರಿಸ್ತಾರೆ, ಅಂಟಿಸ್ತಾರೆ, ಕೊನೇಲಿ ಟೀಚರ್ "ಹೂಗಳನ್ನ ಉಳಿಸಬೇಕು ಮಕ್ಕಳೇ" ಅಂತಾರೆ, ಮಕ್ಕಳು ಒಟ್ಟಿಗೆ "ಹ್ಞೂ ಮಿಸ್" ಅಂತಾರೆ. ಮಗು ಅಲ್ಲಿ ಕಲಿತಿದ್ದು ಕತ್ತರಿ ಹಿಡಿಯೋದನ್ನ ಮಾತ್ರ. ಆ ಹೂ ಎಲ್ಲಿರುತ್ತೆ, ಅದಕ್ಕೆ ಎಷ್ಟು ಎಸಳು, ಅದರ ಮೇಲೆ ಯಾರು ಬಂದು ಕೂರ್ತಾರೆ, ಅದು ಹೋದ್ರೆ ಯಾರಿಗೆ ಊಟ ತಪ್ಪುತ್ತೆ, ಇದ್ಯಾವುದೂ ಗೊತ್ತಾಗಿರಲ್ಲ. ನನ್ನ ಕ್ರಮ ತಿರುಗಾಮುರುಗಾ. ಮೊದಲು ಹೊರಗೆ ಹೋಗಿ ನೋಡೋದು, ಎಣಿಸೋದು, ಪೆನ್ಸಿಲಲ್ಲಿ ಗೀಚಿಕೊಳ್ಳೋದು, ಆಮೇಲೆ ಕ್ಲಾಸಿಗೆ ಬಂದು ಕಾಗದ ಮುಟ್ಟೋದು, ಮಾಡ್ತಾ ಮಾಡ್ತಾ ಡೌಟ್ ಬಂದ್ರೆ ಮತ್ತೆ ಹೊರಗೆ ಓಡಿ ಹೋಗಿ ನೋಡ್ಕೊಂಡು ಬರೋದು. ಕಾಗದದ ಕೆಲಸದ ದೊಡ್ಡ ಉಪಕಾರ ಇದೇ ಮೇಡಂ, ಕೈಯಲ್ಲಿ ಮಾಡೋಕೆ ಕೂತಾಗ್ಲೇ ನಮಗೆ ಸರಿಯಾಗಿ ನೋಡಿಲ್ಲ ಅನ್ನೋದು ಗೊತ್ತಾಗೋದು. ಎಲೆ ಎದುರುಬದುರು ಇತ್ತಾ, ಒಂದಾದ ಮೇಲೊಂದು ಇತ್ತಾ, ಹೂ ಮೇಲೆ ಮುಖ ಮಾಡಿತ್ತಾ, ಕೆಳಗಾ, ಇದಕ್ಕೆಲ್ಲಾ ಉತ್ತರ ಗೊತ್ತಿಲ್ದೆ ಅಂಟು ಹಾಕೋಕೆ ಆಗಲ್ಲ.

ಯಾವ ಹೂ ಅಂತ ಕೇಳಿದ್ರಿ. ಅಪರೂಪದ ಹೂ ಹುಡುಕೋಕೆ ಹೋಗ್ಬೇಡಿ. ಕಾಡುಹೂ ಅಂದ ತಕ್ಷಣ ಎಲ್ರೂ ಹೇಳೋದು ಕುರಿಂಜಿ, 12 ವರ್ಷಕ್ಕೊಂದ್ಸಲ ಅರಳುತ್ತೆ, ಹೋದ ಸಲ 2018ರಲ್ಲಿ ಮುನ್ನಾರ್ ಬೆಟ್ಟಗಳಲ್ಲಿ ಅರಳಿತ್ತು, ನಿಜವಾಗ್ಲೂ ಅದ್ಭುತ, ಆದ್ರೆ ನಿಮ್ಮ ಮಕ್ಕಳು ನಾಳೆ ಬೆಳಿಗ್ಗೆ ಹೋಗಿ ಅದನ್ನ ನೋಡೋ ಹಾಗಿಲ್ಲ, ಅದನ್ನ ಉಳಿಸೋದೂ ಅವರ ಕೈಲಿಲ್ಲ. ಶಾಲೆಯಿಂದ ನಡ್ಕೊಂಡು ಹೋಗಿ ಬರೋಷ್ಟು ದೂರದಲ್ಲಿ, ಕಾಂಪೌಂಡ್ ಹಿಂದೆ, ಹೊಲದ ಬದುವಲ್ಲಿ, ನಾಲೆ ಏರಿ ಮೇಲೆ, ಕೆರೆ ಅಂಗಳದಲ್ಲಿ ಏನಿದೆಯೋ ಅದನ್ನೇ ತಗೊಳ್ಳಿ. ತುಂಬೆ, ತಂಗಡಿ, ಎಕ್ಕ, ವಿಷ್ಣುಕ್ರಾಂತಿ, ನೆಗ್ಗಿಲು, ಉತ್ತರಾಣಿ, ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬೋ ಗೌರಿ ಹೂ. "ಇವೆಲ್ಲಾ ಕಳೆ ಅಲ್ವಾ ಮೇಡಂ, ಇದನ್ನ ಯಾಕೆ ಉಳಿಸ್ಬೇಕು" ಅಂತ ಅಪ್ಪ ಅಮ್ಮಂದಿರು ಕೇಳೇ ಕೇಳ್ತಾರೆ, ಕೇಳ್ಲಿ, ಆ ಪ್ರಶ್ನೆಗೆ ಮಕ್ಕಳೇ ಉತ್ತರ ಹೇಳೋ ಹಾಗಾದ್ರೆ ನಿಮ್ಮ ಕೆಲಸ ಮುಕ್ಕಾಲು ಮುಗೀತು. ಬೆಳೆ ನಡುವೆ ಬಂದ್ರೆ ರೈತರು ಕೀಳ್ತಾರೆ, ಅದು ಸರಿ. ಬದುವಲ್ಲಿ, ರಸ್ತೆ ಅಂಚಲ್ಲಿ, ಯಾರಿಗೂ ತೊಂದರೆ ಕೊಡದೆ ಇರೋದನ್ನೂ ಬೇರು ಸಮೇತ ಸುಡ್ತಾ ಇರೋದೇ ಈಗಿನ ಸಮಸ್ಯೆ.

ತುಂಬೆಯಿಂದ ಶುರು ಮಾಡಿ, ಮೊದಲ ಕ್ಲಾಸಿಗೆ ಅದಕ್ಕಿಂತ ಒಳ್ಳೆ ಹೂ ಇಲ್ಲ. ಶಿವನ ಪೂಜೆಗೆ ಇಡೋ ಹೂ ಅಂತ ಮಕ್ಕಳಿಗೂ ಗೊತ್ತು, ಕೆಲವರಿಗೆ ಹೂ ಕಿತ್ತು ಹಿಂದಿನಿಂದ ಜೇನು ಹೀರಿ ಅಭ್ಯಾಸನೂ ಇರುತ್ತೆ. ಮಳೆ ಬಿದ್ದ ಮೇಲೆ ಎಲ್ಲಿ ನೋಡಿದ್ರೂ ಇರುತ್ತೆ. ಗಿಡದ ಹತ್ರ ಕೂರಿಸಿ ಮೊದಲು ಕಾಂಡನ ಎರಡು ಬೆರಳ ಮಧ್ಯೆ ಇಟ್ಕೊಂಡು ಮೆಲ್ಲಗೆ ಹೊರಳಿಸೋಕೆ ಹೇಳಿ, ಕೀಳೋದು ಬೇಡ, ಇದ್ದಲ್ಲೇ. ಕಾಂಡ ದುಂಡಗಿರಲ್ಲ, ನಾಲ್ಕು ಮೂಲೆ ಬೆರಳಿಗೆ ಸಿಗುತ್ತೆ. ಒಂದು ಶಿಬಿರದಲ್ಲಿ ಒಬ್ಬ ಹುಡುಗ ಇದನ್ನ ಮುಟ್ಟಿ ನೋಡಿ, ಮಧ್ಯಾಹ್ನ ಮನೆಗೆ ಹೋದವನು ಸಂಜೆ ಬರುವಾಗ ತುಳಸಿ ಕಡ್ಡಿ, ಪುದೀನ ಕಡ್ಡಿ ಎರಡನ್ನೂ ಹಿಡ್ಕೊಂಡು ಬಂದಿದ್ದ, "ಸಾರ್ ಇವೂ ಚೌಕ" ಅಂತ. ಮೂರೂ ಒಂದೇ ಕುಟುಂಬದ ಗಿಡಗಳು, ಅವನಿಗೆ ಯಾರೂ ಹೇಳಿರ್ಲಿಲ್ಲ, ಬೆರಳೇ ಹೇಳ್ತು.

ಈಗ ಕಾಗದದಲ್ಲಿ ಆ ಕಾಂಡ ಮಾಡೋದು. ಹಸಿರು ಕಾಗದದ ಪಟ್ಟಿಗೆ ಉದ್ದುದ್ದಕ್ಕೆ ನಾಲ್ಕು ಮಡಿಕೆ ಹಾಕಿದ್ರೆ ಐದು ಭಾಗ ಆಗುತ್ತೆ, ಐದನೇ ಭಾಗನ ಮೊದಲನೇದರ ಮೇಲೆ ಅಂಟಿಸಿದ್ರೆ ಚೌಕದ ಕೊಳವೆ ರೆಡಿ. ಎಲೆಗಳು ಎದುರುಬದುರು, ಒಂದು ಜೋಡಿ ಪೂರ್ವ ಪಶ್ಚಿಮ ಇದ್ರೆ ಮೇಲಿನ ಜೋಡಿ ಉತ್ತರ ದಕ್ಷಿಣ, ಚೌಕದ ಕಾಂಡಕ್ಕೆ ಒಂದೊಂದು ಮುಖದ ಮೇಲೆ ಅಂಟಿಸ್ತಾ ಹೋದ್ರೆ ತಾನಾಗೇ ಸರಿ ಕೂರುತ್ತೆ. ಹೂವು ನಿಜದಲ್ಲಿ ಉಗುರಿನಷ್ಟು, ಕಾಗದದಲ್ಲಿ ಅಂಗೈಯಷ್ಟು ಮಾಡ್ಸಿ. ಬಿಳಿ ಕಾಗದ ಸುತ್ತಿ ಕೊಳವೆ ಮಾಡಿ, ಬಾಯಿ ಕಡೆ ಕತ್ತರಿಯಲ್ಲಿ ಸೀಳಿ ಎರಡು ತುಟಿ ಮಾಡ್ಬೇಕು. ಮೇಲಿನ ತುಟಿ ಚಿಕ್ಕದು, ಮುಂದಕ್ಕೆ ಬಾಗಿರುತ್ತೆ, ಅದರ ಮೇಲೆ ಬಿಳಿ ನವಿರು ಕೂದಲಿರುತ್ತೆ, ಹತ್ತಿ ಅಂಟಿಸಿದ್ರೆ ಆಯ್ತು. ಕೆಳಗಿನ ತುಟಿ ದೊಡ್ಡದು, ಅದರಲ್ಲಿ ಮೂರು ಭಾಗ, ನಡುವಿನದು ಅಗಲ. ಇಂಥ ಹೂಗಳನ್ನ ಕಾಂಡದ ಸುತ್ತ ಗುಂಡಗೆ ಗೊಂಚಲಾಗಿ ಕೂರಿಸ್ಬೇಕು.

ಇಷ್ಟಕ್ಕೇ ನಿಲ್ಲಿಸ್ಬೇಡಿ, ಮೇಲಿನ ತುಟಿ ಒಳಗಡೆ ಸ್ವಲ್ಪ ಅರಿಶಿನ ಸವರಿ. ಕಪ್ಪು ಕಾಗದದಲ್ಲಿ ಜೇನುಹುಳ ಮಾಡಿ, ಮಗು ಅದನ್ನ ಕೆಳಗಿನ ತುಟಿ ಮೇಲೆ ಇಳಿಸಿ ತಲೆ ಒಳಗೆ ತೂರಿಸ್ಲಿ. ಹೊರಗೆ ತೆಗೆದಾಗ ಹುಳದ ಬೆನ್ನು ಹಳದಿ ಆಗಿರುತ್ತೆ. ಪಕ್ಕದ ಮಗುವಿನ ಹೂವಿಗೆ ಹೋದ್ರೆ ಅಲ್ಲಿಗೂ ಹಳದಿ ತಾಗುತ್ತೆ. ಪರಾಗಸ್ಪರ್ಶ ಅನ್ನೋ ಪದ ಬೋರ್ಡ್ ಮೇಲೆ ಬರೆಯೋಕೆ ಮುಂಚೆನೇ ಅರ್ಥ ಆಗಿರುತ್ತೆ, ಆ ತುಟಿ ಯಾಕೆ ಹಾಗೆ ಬಾಗಿದೆ ಅನ್ನೋದೂ ಗೊತ್ತಾಗಿರುತ್ತೆ. ನನಗೆ ಇಡೀ ಕ್ಲಾಸಲ್ಲಿ ಇಷ್ಟ ಆಗೋ ಗಳಿಗೆ ಇದೇ.

ಎರಡನೇದು ತಂಗಡಿ, ನಿಮ್ಮ ಕಡೆ ಆವರಿಕೆ ಅಂತಲೂ ಅಂತಾರೆ. ನೀರಾವರಿ ಇಲ್ಲದ ಕಡೆ, ಕಲ್ಲು ನೆಲದಲ್ಲಿ, ರಸ್ತೆ ಪಕ್ಕ ಬೆಳೆಯೋ ಹಳದಿ ಹೂವಿನ ಪೊದೆ, ಹಿಂದೆ ಇದರ ತೊಗಟೇನ ಚರ್ಮ ಹದ ಮಾಡೋಕೆ ಬಳಸ್ತಿದ್ರು. ಐದು ಎಸಳು, ಅಂಚು ಸುಕ್ಕುಸುಕ್ಕು, ಹಳದಿ ಕ್ರೇಪ್ ಪೇಪರ್ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ, ಅಂಚನ್ನ ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಎಳೆದ್ರೆ ಅಲೆ ಬರುತ್ತೆ. ಕೇಸರಗಳು ಎಲ್ಲಾ ಒಂದೇ ಸೈಜ್ ಇರಲ್ಲ, ಕೆಲವು ದೊಡ್ಡವು ಬಾಗಿರೋವು, ಕೆಲವು ಪುಟ್ಟವು, ಅದನ್ನ ನೋಡಿ ಹಾಗೇ ಮಾಡ್ಸಿ. ಇದರ ವಿಶೇಷ ಏನಪ್ಪಾ ಅಂದ್ರೆ ಈ ಹೂವಲ್ಲಿ ಮಕರಂದ ಇರಲ್ಲ, ದುಂಬಿಗಳು ಪರಾಗಕ್ಕೇ ಬರೋದು, ಆ ಪರಾಗನೋ ಕೇಸರದ ಒಳಗೆ, ತುದೀಲಿ ಸಣ್ಣ ತೂತು ಅಷ್ಟೇ, ಉಪ್ಪಿನ ಡಬ್ಬಿ ತರ. ದೊಡ್ಡ ಕರಿ ದುಂಬಿ ಬಂದು ಕೇಸರ ತಬ್ಬಿಕೊಂಡು ಮೈ ಅದುರಿಸುತ್ತೆ, ಗುಂಯ್ ಅಂತ ಶಬ್ದ ಬದಲಾಗೋದು ನಮಗೂ ಕೇಳುತ್ತೆ, ಆಗ ಪರಾಗ ಚಿಮ್ಮುತ್ತೆ. ಇದನ್ನ ಕಾಗದದಲ್ಲಿ ತೋರಿಸೋದು ಸುಲಭ. ಸಣ್ಣ ಕೋನ್ ಸುತ್ತಿ, ಚೂಪು ತುದೀಲಿ ಗುಂಡುಪಿನ್ನಿಂದ ತೂತು ಮಾಡಿ, ಒಳಗೆ ಒಣ ಅರಿಶಿನ ಪುಡಿ ಅಥವಾ ರಾಗಿ ಹಿಟ್ಟು ಹಾಕಿ ಬಾಯಿ ಮುಚ್ಚಿ ಅಂಟಿಸಿ. ಸುಮ್ನೆ ಕೆಳಗೆ ಹಿಡಿದ್ರೆ ಸರಿಯಾಗಿ ಏನೂ ಬೀಳಲ್ಲ, ಬೆರಳಲ್ಲಿ ಟಪಟಪ ಅಂತ ಅದುರಿಸಿದ್ರೆ ಪುಡಿ ಉದುರುತ್ತೆ. ಈಗ ಮಕ್ಕಳನ್ನ ಕೇಳಿ, ಈ ದುಂಬಿಗಳು ಇಲ್ಲದೆ ಹೋದ್ರೆ ತಂಗಡಿ ಗತಿ ಏನು? ಅವರೇ ಹೇಳ್ತಾರೆ. ಒಣ ಮರ, ಹಳೇ ತೊಲೆ, ಬಿದಿರಲ್ಲಿ ತೂತು ಕೊರೆದು ಈ ದುಂಬಿ ಗೂಡು ಮಾಡುತ್ತೆ, ಹಾಗಾಗಿ ಹೂ ಉಳಿಬೇಕು ಅಂದ್ರೆ ಒಣಗಿದ ಮರಕ್ಕೂ ಜಾಗ ಇರ್ಬೇಕು ಅನ್ನೋ ಮಾತು ಇಲ್ಲಿಂದ ತಾನಾಗೇ ಬರುತ್ತೆ.

ಗೌರಿ ಹೂ, ಅಗ್ನಿಶಿಖೆ ಅಂತಾನೂ ಕರೀತಾರಲ್ಲ, ಅದನ್ನ 5ನೇ ಕ್ಲಾಸಿಗೆ ಇಟ್ಕೊಳ್ಳಿ. ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿ ಮೇಲೆ, ಬೆಟ್ಟದ ಬುಡದಲ್ಲಿ ಕಾಣುತ್ತೆ. ಆರು ಎಸಳು, ಬುಡ ಹಳದಿ ತುದಿ ಕೆಂಪು, ಅಂಚು ಅಲೆಅಲೆ, ಹೂ ಕೆಳಮುಖ, ಎಸಳು ಮಾತ್ರ ಮೇಲಕ್ಕೆ ತಿರುಗಿಕೊಂಡಿರುತ್ತೆ, ಆರು ಕೇಸರ ಪಕ್ಕಕ್ಕೆ ಚಾಚಿರುತ್ತೆ, ನಡುವಿನ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಬುಡದಲ್ಲೇ ಅಡ್ಡಕ್ಕೆ ಬಾಗಿರುತ್ತೆ. ಫೋಟೋ ನೋಡಿ ಮಾಡಿದ ಮಕ್ಕಳು ಹೆಚ್ಚಾಗಿ ಹೂವನ್ನ ಮೇಲ್ಮುಖ ಅಂಟಿಸಿರ್ತಾರೆ, ಬೇಲಿ ಹತ್ರ ಹೋಗಿ ನೋಡಿದವರು ಅಂಟಿಸಲ್ಲ. ಎಲೆ ತುದಿ ಸುರುಳಿ ಆಗಿ ಪಕ್ಕದ ಗಿಡ ಹಿಡ್ಕೊಳ್ಳುತ್ತೆ, ಕಾಗದದ ಎಲೆ ತುದೀನ ಪೆನ್ಸಿಲಿಗೆ ಸುತ್ತಿ ಬಿಟ್ರೆ ಅದೇ ಸುರುಳಿ.

ಬಣ್ಣಕ್ಕೆ ಅಂಗಡಿಗೆ ಹೋಗ್ಬೇಡಿ. ಬಿಳಿ ಡ್ರಾಯಿಂಗ್ ಶೀಟ್ ಪಟ್ಟಿಗಳನ್ನ ಅರಿಶಿನ ನೀರಲ್ಲಿ ಅದ್ದಿ ಒಣಗಿಸಿ, ಪೂರ್ತಿ ಹಳದಿ. ಒಣಗಿದ ಮೇಲೆ ತುದೀನ ಮಾತ್ರ ಅಡುಗೆ ಸೋಡ ಕರಗಿಸಿದ ನೀರಲ್ಲಿ ಅದ್ದಿ, ಮಕ್ಕಳ ಕಣ್ಮುಂದೆ ಹಳದಿ ಹೋಗಿ ಇಟ್ಟಿಗೆ ಕೆಂಪು ಬರುತ್ತೆ, ನೀರು ಮೆಲ್ಲಗೆ ಮೇಲಕ್ಕೆ ಏರ್ತಾ ಹಳದಿ ಕೆಂಪು ಸೇರೋ ಜಾಗ ನಿಜವಾದ ಹೂವಲ್ಲಿ ಇದ್ದ ಹಾಗೇ ಮಬ್ಬಾಗಿ ಬೆರೆಯುತ್ತೆ. ಆರತಿ ತಟ್ಟೇಲಿ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ನೀರು ಮಾಡೋದು ಮಕ್ಕಳು ನೋಡಿರ್ತಾರೆ, ವಿದ್ಯೆ ಅದೇ, ಆದ್ರೆ ಸುಣ್ಣ ಕಣ್ಣಿಗೆ ಬಿದ್ರೆ ಅಪಾಯ, ಸೋಡನೇ ಇರ್ಲಿ. ಈ ಹೂ ದಿನ ಕಳೆದ ಹಾಗೆ ಕೆಂಪು ಜಾಸ್ತಿ ಆಗ್ತಾ ಹೋಗುತ್ತೆ, ಹಾಗಾಗಿ ಒಂದು ಎಸಳನ್ನ ತುದಿ ಮಾತ್ರ, ಇನ್ನೊಂದನ್ನ ಅರ್ಧ, ಮತ್ತೊಂದನ್ನ ಪೂರ್ತಿ ಅದ್ದಿ ಎಳೆ ಹೂ, ಬಲಿತ ಹೂ, ಹಳೇ ಹೂ ಅಂತ ಒಂದೇ ಬಳ್ಳಿ ಮೇಲೆ ತೋರಿಸ್ಬಹುದು. ಅರಿಶಿನ ಬಣ್ಣ ಬಿಸಿಲಿಗೆ ಮಾಸುತ್ತೆ, ನೆರಳಲ್ಲಿ ನೇತುಹಾಕಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಈ ಗಿಡದ ಪ್ರತಿ ಭಾಗನೂ ವಿಷ, ಗಡ್ಡೆಯಂತೂ ಪ್ರಾಣಕ್ಕೇ ಅಪಾಯ, ಮಕ್ಕಳು ದೂರದಿಂದಲೇ ನೋಡ್ಲಿ, ಮುಟ್ಟೋದೂ ಬೇಡ. ಔಷಧಿಗೆ ಅಂತ ಗಡ್ಡೆ ಅಗೆದು ತೆಗೆದೇ ಎಷ್ಟೋ ಕಡೆ ಕಾಡಲ್ಲಿ ಇದು ಕಮ್ಮಿ ಆಗಿದೆ, ಅದನ್ನೂ ಹೇಳಿ, ವಿಷದ ಗಿಡನೂ ಉಳಿಬೇಕಾದ ಗಿಡನೇ ಅನ್ನೋದು ಈ ವಯಸ್ಸಲ್ಲಿ ಕಲಿಯೋ ಒಳ್ಳೆ ಪಾಠ.

ಎಕ್ಕಕ್ಕೆ ಜಾಸ್ತಿ ಹೇಳಲ್ಲ, ಐದು ಎಸಳು, ನಡುವೆ ಐದು ಮೂಲೆ ಕಿರೀಟ, ದಪ್ಪ ಕಾಗದದಲ್ಲಿ ಮಡಚಿ ಮಾಡಿದ್ರೆ ಚೆನ್ನಾಗಿ ಬರುತ್ತೆ. ಹೂವಿಗಿಂತ ಅದರ ಎಲೆ ಹಿಂದೆ ನೋಡ್ಸಿ, ಬಿಳಿ ಕಪ್ಪು ಹಳದಿ ಪಟ್ಟೆ ಇರೋ ಕಂಬಳಿಹುಳದಂಥ ಹುಳ ಸಿಕ್ರೆ ಅದೃಷ್ಟ, ಅದು ಪ್ಲೇನ್ ಟೈಗರ್ ಅನ್ನೋ ಕಿತ್ತಳೆ ಬಣ್ಣದ ಚಿಟ್ಟೆ ಮರಿ. ಎಕ್ಕದ ವಿಷನ ತನ್ನ ಮೈಗೆ ಸೇರಿಸ್ಕೊಂಡು ಹಕ್ಕಿಗಳಿಂದ ಪಾರಾಗುತ್ತೆ. ಕಾಗದದ ಎಕ್ಕದ ಎಲೆ ಹಿಂದೆ ಈ ಹುಳ ಇಲ್ಲದಿದ್ರೆ ಆ ಎಕ್ಕ ಅರ್ಧ ಮಾತ್ರ ಅಂತ ನಾನು ಮಕ್ಕಳಿಗೆ ಹೇಳ್ತೀನಿ. ಹಾಲು ಕಣ್ಣಿಗೆ ತಾಗಬಾರದು, ಎಲೆ ಕಿತ್ತು ನೋಡೋ ಹಾಗಿಲ್ಲ, ಬಗ್ಗಿ ನೋಡ್ಬೇಕು.

ಇನ್ನೊಂದು ವಿಷಯ, ಹೊರಗೆ ಕರ್ಕೊಂಡು ಹೋದಾಗ ಮಕ್ಕಳು ಮೊದಲು ತೋರಿಸೋದೇ ಲಂಟಾನ, ಪಾರ್ಥೇನಿಯಂ, ಮುಟ್ಟಿದರೆ ಮುನಿ. ಮೂರೂ ಅಮೆರಿಕ ಖಂಡಗಳಿಂದ ಬಂದವು. ಲಂಟಾನನ 1800ರ ಆಸುಪಾಸಿನಲ್ಲಿ ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದಿದ್ದು ಇವತ್ತು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಲ್ಲೆಲ್ಲಾ ಪೊದೆ ಪೊದೆಯಾಗಿ ಹಬ್ಬಿ ಕೆಳಗೆ ಹುಲ್ಲು ಬೆಳೆಯೋಕೆ ಬಿಡ್ತಿಲ್ಲ. ಪಾರ್ಥೇನಿಯಂ, ನಮ್ಮೂರಲ್ಲಿ ಕಾಂಗ್ರೆಸ್ ಗಿಡ ಅಂತೀವಲ್ಲ, 1950ರ ದಶಕದಲ್ಲಿ ಪುಣೆ ಹತ್ರ ಕಣ್ಣಿಗೆ ಬಿದ್ದಿದ್ದು ಈಗ ಪ್ರತಿ ಖಾಲಿ ಸೈಟಲ್ಲಿದೆ. ಪೂಜೆಗೆ ಕಟ್ಟೋ ಚೆಂಡು ಹೂವೂ ಮೆಕ್ಸಿಕೋ ಕಡೆಯದೇ, ಸೂರ್ಯಕಾಂತಿನೂ ಅಮೆರಿಕದ್ದೇ, ಆದ್ರೆ ಅವು ನಾವು ಬೆಳೆದಲ್ಲಿ ಬೆಳೆದುಕೊಂಡು ಇರ್ತವೆ, ಕಾಡಿಗೆ ನುಗ್ಗಿ ಉಳಿದ ಗಿಡಗಳನ್ನ ತುಳಿಯಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು, ಇಲ್ಲಾಂದ್ರೆ ಹೊರಗಿಂದ ಬಂದಿದ್ದೆಲ್ಲಾ ಕೆಟ್ಟದ್ದು ಅಂದ್ಕೋತಾರೆ. ಲಂಟಾನ ಹೂನೂ ಕಾಗದದಲ್ಲಿ ಮಾಡ್ಲಿ, ಅದರ ಮೇಲೆ ಚಿಟ್ಟೆ ಕೂರೋದೂ ನಿಜ, ಅದನ್ನೂ ಮುಚ್ಚಿಡೋದು ಬೇಡ, ಬೇರೆ ಗೋಡೆ ಮೇಲೆ ಹಾಕಿ ಬಂದ ದೇಶ ಬರೆಸಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಎಲ್ಲಾ ಮಾಡ್ತಾರೆ, ಮಾದಪ್ಪನ ಜಾತ್ರೆಗೆ ಹೋಗಿ ಬಂದ ಮಕ್ಕಳು ನೋಡಿದ್ರೂ ನೋಡಿರಬಹುದು, ಕೇಳಿ.

ಈಗ ಉಳಿಸೋ ವಿಷಯ. ಬಿಡಿ ಹೂಗಳು ಎಷ್ಟೇ ಚೆಂದ ಬಂದ್ರೂ ಅಷ್ಟಕ್ಕೇ ಸಂರಕ್ಷಣೆ ಪಾಠ ಆಗಲ್ಲ, ಹೂವಿಗೆ ಒಂದು ಜಾಗ ಬೇಕು. ಅದಕ್ಕೆ ನಾನು ಬದುವಿನ ಪಟ ಮಾಡಿಸ್ತೀನಿ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಭಾಗ ಸೇರಿಸಿ ಅಂಟಿಸಿ ಗೋಡೆ ಉದ್ದಕ್ಕೂ ಒಂದು ಬದು, ಒಂದು ಕಡೆ ಕಬ್ಬು, ಇನ್ನೊಂದು ಕಡೆ ಭತ್ತದ ಗದ್ದೆ, ನಡುವೆ ಬದು, ಪಕ್ಕದಲ್ಲಿ ನಾಲೆ. ಮಕ್ಕಳು ಮಾಡಿದ ಹೂ, ದುಂಬಿ, ಚಿಟ್ಟೆ, ಇರುವೆ, ಕಾಳು ತಿನ್ನೋ ಹಕ್ಕಿ ಎಲ್ಲಾ ಅದರ ಮೇಲೆ, ಗೋಂದು ಹಾಕದೆ ಗುಂಡುಪಿನ್ನಲ್ಲಿ ಚುಚ್ಚಿ ನಿಲ್ಲಿಸೋದು, ತೆಗೆಯೋಕೆ ಬರ್ಬೇಕು. ಆಮೇಲೆ ನಿಮ್ಮೂರಲ್ಲಿ ನಿಜವಾಗಿ ನಡೆಯೋದನ್ನ ಒಂದೊಂದೇ ಹೇಳಿ. ಬದುಗೆ ಕಳೆನಾಶಕ ಹೊಡೆದ್ರು, ಹೂ ಬಿಡೋಕೆ ಮುಂಚೆನೇ. ಯಾವ ಹೂ ತೆಗೀಬೇಕು? ಹೂ ತೆಗೆದ ಮೇಲೆ ಅದನ್ನೇ ನಂಬಿದ್ದ ಹುಳ? ಮಕ್ಕಳು ಎದ್ದು ಹೋಗಿ ಅವರವರದ್ದನ್ನ ಅವರೇ ತೆಗೀತಾರೆ, ಅದು ಮನಸ್ಸಿಗೆ ತಾಗುತ್ತೆ. ಬದು ಕಡಿದು ಕಡಿದು ಕಾಲಿಡೋಕೂ ಜಾಗ ಇಲ್ಲದ ಹಾಗೆ ಸಣ್ಣ ಮಾಡಿದ್ರು. ಬೇಸಿಗೇಲಿ ಬೆಂಕಿ ಹಾಕಿದ್ರು. ಪಟ್ಟಣದ ಕಡೆ ಶಾಲೆ ಆದ್ರೆ ಖಾಲಿ ಸೈಟಿಗೆ ಜೆಸಿಬಿ ಬಿಟ್ರು ಅನ್ನಿ. ಪಟ ಖಾಲಿ ಆಗ್ತಾ ಬರುತ್ತೆ. ಆಗ ವಾಪಸ್ ಕಟ್ಟೋಕೆ ಬಿಡಿ, ಇದೇ ಮುಖ್ಯ, ಖಾಲಿ ಪಟದಲ್ಲೇ ಮುಗಿಸಿ ಮಕ್ಕಳನ್ನ ಮನೆಗೆ ಕಳಿಸ್ಬೇಡಿ. ಔಷಧಿ ಬೆಳೆಗೆ ಮಾತ್ರ ಹೊಡೆದು ಬದುಗೆ ಬಿಡದಿದ್ರೆ ಯಾರು ವಾಪಸ್ ಬರ್ತಾರೆ? ಬೀಜ ಉದುರಿದ ಮೇಲೆ ಕುಡುಗೋಲಲ್ಲಿ ಕೊಯ್ದು ಹಸುಗೆ ಹಾಕಿದ್ರೆ? ರೈತರ ಮಕ್ಕಳು ಇದಕ್ಕೆ ನಮಗಿಂತ ಚೆನ್ನಾಗಿ ಉತ್ತರ ಕೊಡ್ತಾರೆ, ಅಪ್ಪಂದಿರಿಗೆ ಏನು ಕಷ್ಟ ಅಂತನೂ ಹೇಳ್ತಾರೆ, ಕೂಲಿ ಆಳು ಸಿಗಲ್ಲ, ಔಷಧಿ ಹೊಡೆಯೋದು ಸುಲಭ, ಬದುವಲ್ಲಿ ಪೊದೆ ಇದ್ರೆ ಹಾವು ಅನ್ನೋ ಭಯ, ಎಲ್ಲಾ ನಿಜವಾದ ಮಾತೇ, ಕೇಳಿಸ್ಕೊಳ್ಳಿ, ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡ್ಬೇಡಿ.

ಸೀಡ್ ಪೇಪರಿಗೆ ಬರೋಣ. ಅಂಗಡೀಲಿ ಸಿಗೋ ಸೀಡ್ ಪೇಪರಲ್ಲಿ ಹೆಚ್ಚಾಗಿ ಇರೋದು ಚೆಂಡು ಹೂ, ತುಳಸಿ ಅಥವಾ ಯಾವುದೋ ತೋಟದ ಹೂವಿನ ಬೀಜ. ಅದನ್ನ ಶಾಲೆ ಕುಂಡದಲ್ಲಿ ಹಾಕಿದ್ರೆ ತೊಂದರೆ ಇಲ್ಲ. ಬೆಟ್ಟದ ಹತ್ರ ಹಾಕಿದ್ರೆ ಅಲ್ಲಿ ಬಂಡೆ ಸಂದಿಯ ಸ್ವಲ್ಪ ಮಣ್ಣಲ್ಲಿ ತಲೆತಲಾಂತರದಿಂದ ಒಗ್ಗಿಕೊಂಡಿರೋ ಹುಲ್ಲು, ಹೂಗಳ ನಡುವೆ ನಾವು ಹೊರಗಿನವನ್ನ ತಂದು ತುಂಬಿದ ಹಾಗಾಗುತ್ತೆ, ಲಂಟಾನ ಕಥೆನೂ ಹೀಗೇ ಒಳ್ಳೆ ಮನಸ್ಸಿಂದಲೇ ಶುರುವಾಗಿದ್ದು. ಇಲ್ಲಿಯದೇ ಗಿಡದ ಬೀಜ ಆದ್ರೂ ಬೆಟ್ಟಕ್ಕೆ ಬೇಡ, ಅಲ್ಲಿ ಏನು ಬೆಳೀಬೇಕೋ ಅದರ ಬೀಜ ಆಗಲೇ ಮಣ್ಣಲ್ಲಿದೆ, ಅದಕ್ಕೆ ಬೇಕಾಗಿರೋದು ಬೆಂಕಿ ಬೀಳದೆ ಇರೋದು, ಪ್ಲಾಸ್ಟಿಕ್ ಬೀಳದೆ ಇರೋದು.

ಸೀಡ್ ಪೇಪರ್ ಮಾಡಿಸಲೇಬೇಕು ಅಂದ್ರೆ ಹೀಗೆ ಮಾಡಿ. ಬರೆದು ಮುಗಿದ ನೋಟ್‌ಬುಕ್ ಹಾಳೆ ಹರಿದು ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ಹಳೇ ಕಾಟನ್ ಸೀರೆ ತುಂಡಿನ ಮೇಲೆ ತೆಳ್ಳಗೆ ಹರಡಿ ನೀರು ಹಿಂಡಿ, ಬೀಜ ಕೊನೇಲಿ ಉದುರಿಸಿ ಮೆಲ್ಲಗೆ ಒತ್ತಿ. ರುಬ್ಬುವಾಗ ಬೀಜ ಹಾಕಿದ್ರೆ ಪುಡಿ ಆಗೋಗುತ್ತೆ. ಒಂದೇ ದಿನದಲ್ಲಿ ಒಣಗ್ಬೇಕು, ಫ್ಯಾನ್ ಕೆಳಗೆ ಇಡಿ, ಹಸಿ ಉಳಿದ್ರೆ ಕಾಗದದಲ್ಲೇ ಮೊಳಕೆ ಬರುತ್ತೆ ಇಲ್ಲಾ ಬೂಸಲು ಹಿಡಿಯುತ್ತೆ. ಬೀಜಕ್ಕೆ ತುಂಬೆ ಒಳ್ಳೇದು, ಒಣಗಿದ ಗೊಂಚಲನ್ನ ಕಾಗದದ ಮೇಲೆ ತಲೆಕೆಳಗೆ ಹಿಡಿದು ತಟ್ಟಿದ್ರೆ ಪುಟ್ಟ ಕಂದು ಬೀಜ ಉದುರುತ್ತೆ. ಒಂದೇ ಗಿಡದಿಂದ ಪೂರ್ತಿ ತೆಗೀಬೇಡಿ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ. ಗೌರಿ ಹೂ ಬೀಜ ಯಾವ ಕಾರಣಕ್ಕೂ ಬೇಡ.

ನನ್ನನ್ನ ಕೇಳಿದ್ರೆ ಸೀಡ್ ಪೇಪರಿಗಿಂತ ಬೀಜದ ಪೊಟ್ಟಣ ಮೇಲು. ಚೌಕದ ಕಾಗದ ಮಡಚಿ ಅಂಟಿಲ್ಲದ ಪೊಟ್ಟಣ ಮಾಡೋದು ಮಕ್ಕಳು ಒಂದೇ ಪೀರಿಯಡ್ಡಲ್ಲಿ ಕಲೀತಾರೆ, ಮೇಲೆ ಹೂವಿನ ಚಿತ್ರ, ಗಿಡದ ಹೆಸರು, ಎಲ್ಲಿ ಸಿಕ್ತು, ಯಾವ ತಿಂಗಳು, ಕೂಡಿಟ್ಟವರ ಹೆಸರು. ಬೀಜ ಒಣಗಿರುತ್ತೆ, ನಾಳೆನೇ ಬಿತ್ತಬೇಕು ಅಂತಿಲ್ಲ, ಮುಂದಿನ ಮುಂಗಾರಿಗೆ ಇಡಬಹುದು. ತಂಗಡಿ ಬೀಜ ದಪ್ಪ ಚರ್ಮದ್ದು, ಸೀಡ್ ಪೇಪರಿಗೆ ಒಗ್ಗಲ್ಲ, ಪೊಟ್ಟಣದಲ್ಲಿ ಇಟ್ಟು ಬಿತ್ತೋಕೆ ಮುಂಚೆ ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ ರಾತ್ರಿ ನೆನೆಸಿದ್ರೆ ಚೆನ್ನಾಗಿ ಮೊಳೆಯುತ್ತೆ. ಬಿತ್ತೋದು ಶಾಲೆ ಕಾಂಪೌಂಡ್ ಒಳಗೆ ಮಾತ್ರ.

ಖರ್ಚಿನ ಬಗ್ಗೆ ಯೋಚನೆ ಬೇಡ. ಮದುವೆ ಆಮಂತ್ರಣ ಪತ್ರಿಕೆ ದಪ್ಪ ಕಾಗದಕ್ಕೆ, ಕ್ಯಾಲೆಂಡರ್ ಹಿಂಭಾಗ ಬಿಳಿ ಹಾಳೆಗೆ, ತೆಂಗಿನ ಗರಿ ಕಡ್ಡಿ ತೊಟ್ಟಿಗೆ, ಮೈದಾ ಕುದಿಸಿದ ಅಂಟು. ದುಡ್ಡು ಕೊಟ್ಟು ತರ್ಬೇಕಾಗಿರೋದು ಹಳದಿ ಕ್ರೇಪ್ ಪೇಪರ್, ಹಸಿರು ಮತ್ತು ಕಪ್ಪು ಬಣ್ಣದ ಕಾಗದ, ಡ್ರಾಯಿಂಗ್ ಶೀಟ್ ಅಷ್ಟೇ. ಥರ್ಮಾಕೋಲ್, ಮಿಂಚೋ ಗ್ಲಿಟರ್ ಪುಡಿ ಖಂಡಿತ ಬೇಡ, ಮಣ್ಣಿಗೆ ಸೇರಿದ್ರೆ ಹೋಗಲ್ಲ.

ಹೊರಗೆ ಹೋಗೋದು ಬೆಳಿಗ್ಗೆ ಇಟ್ಕೊಳ್ಳಿ, ಬ್ಯಾಗ್ ಇಲ್ಲದ ಶನಿವಾರ ಇದ್ರೆ ಅನುಕೂಲ. ಬೆಳಿಗ್ಗೆನೇ ಯಾಕೆ ಅಂದ್ರೆ ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತೆ, ದುಂಬಿಗಳೂ ಬಿಸಿಲೇರಿದ ಮೇಲೆ ಕಮ್ಮಿ. ಕಾಲಿಗೆ ಶೂ, ಕೈಯಲ್ಲಿ ಒಂದು ಕೋಲು, ಪೊದೆಗೆ ಕೈ ಹಾಕೋ ಹಾಗಿಲ್ಲ, ಪಾರ್ಥೇನಿಯಂ ಇರೋ ಕಡೆ ಅಲರ್ಜಿ ಇರೋ ಮಕ್ಕಳನ್ನ ದೂರ ಇಡಿ, ವಾಪಸ್ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಮೇಲುಕೋಟೆ ಕಡೆ ಕರ್ಕೊಂಡು ಹೋಗೋ ಪ್ಲಾನ್ ಇದ್ರೆ, ಅಲ್ಲಿ ಸುತ್ತಮುತ್ತ 1974ರಿಂದ ವನ್ಯಜೀವಿ ಧಾಮ ಇದೆ, ಧಾಮದ ಒಳಗೆ ಗಿಡ ಕೀಳೋದು, ಬೀಜ ತರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಬರೀ ನೋಡ್ಕೊಂಡು ಚಿತ್ರ ಬಿಡಿಸ್ಕೊಂಡು ಬನ್ನಿ. ಮೈಸೂರಿಗೆ ಟೂರ್ ಹೋದ್ರೆ ಮೃಗಾಲಯದ ಜೊತೆ ಕಾರಂಜಿ ಕೆರೆ ದಡದಲ್ಲಿರೋ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ನೋಡ್ಸಿ, 1995ರಿಂದ ಇದೆ.

ಕೊನೇದಾಗಿ, ವಸ್ತುಪ್ರದರ್ಶನ ಮಾಡ್ತೀರಾ ಅಂದ್ಕೋತೀನಿ. ಬಹುಮಾನ ಅಂದವಾಗಿ ಬಂದ ಹೂವಿಗೆ ಕೊಡ್ಬೇಡಿ, ಸರಿಯಾಗಿ ನೋಡಿ ಮಾಡಿದ ಹೂವಿಗೆ ಕೊಡಿ, ಎಸಳು ಎಣಿಕೆ ಸರಿ ಇದ್ಯಾ, ಕಾಂಡ ಚೌಕ ಇದ್ಯಾ, ಜೊತೆಗಾರ ಹುಳ ಇದ್ಯಾ ಅಂತ. ಅವತ್ತು ಎಸ್‌ಡಿಎಂಸಿಯವರನ್ನ (ಶಾಲಾಭಿವೃದ್ಧಿ ಸಮಿತಿ), ಅಪ್ಪ ಅಮ್ಮಂದಿರನ್ನ ಕರೆದು ಮಕ್ಕಳ ಬಾಯಲ್ಲೇ ಒಂದು ಬೇಡಿಕೆ ಇಡಿಸಿ. ಕಾಂಪೌಂಡ್ ಒಳಗೆ ಗೋಡೆ ಪಕ್ಕ, ಮಕ್ಕಳು ಓಡಾಡದ ಕಡೆ, ಎರಡು ಮಾರು ಅಗಲದ ಒಂದು ಪಟ್ಟಿ ಜಾಗ ಜೂನಿಂದ ಬೀಜ ಉದುರೋವರೆಗೂ ಕಡಿಯದೆ, ಔಷಧಿ ಹೊಡೆಯದೆ ಬಿಡ್ಬೇಕು, ಪಾರ್ಥೇನಿಯಂ ಮಾತ್ರ ದೊಡ್ಡವರು ಗ್ಲೌಸ್ ಹಾಕ್ಕೊಂಡು ಹೂ ಬಿಡೋಕೆ ಮುಂಚೆ ಕಿತ್ತು ಹಾಕ್ಬೇಕು. ಸಂಕ್ರಾಂತಿ ಹೊತ್ತಿಗೆ ಒಣಗಿದ್ದನ್ನ ಕೊಯ್ದು ಕ್ಲೀನ್ ಮಾಡಬಹುದು. ಆ ಪಟ್ಟಿಯಲ್ಲಿ ಯಾವ ತಿಂಗಳು ಏನು ಅರಳ್ತು ಅಂತ ಮಕ್ಕಳು ಜಿಗ್‌ಜಾಗ್ ಮಡಚಿದ ಕಾಗದದ ಪುಸ್ತಕದಲ್ಲಿ ಬರೀತಾ ಹೋಗ್ಲಿ, ತಿಂಗಳಿಗೊಂದು ಮಡಿಕೆ, ಮುಂದಿನ ವರ್ಷ 4ನೇ ಕ್ಲಾಸಿಗೆ ಬರೋ ಮಕ್ಕಳಿಗೆ ಅದನ್ನೇ ಕೊಟ್ಟು ಮುಂದುವರಿಸೋಕೆ ಹೇಳಿ.